ತಿಮ್ಮಕ್ಕನ ಅರ್ಧ ಚಪ್ಪರ

ತ್ಯಾಗರಾಜನಗರದ ತಾರಸಿ ರೂಮಿಗೆ ಬಂದ ಮೊದಲ ಭಾನುವಾರವೇ ಲೋಹಿತ್ ತನ್ನ ಬಿಳಿ ಅಂಗಿಗಳನ್ನೆಲ್ಲ ಮೈಲುತುತ್ತದ ನೀರಿನಲ್ಲಿ ಅದ್ದಿ ತೆಗೆದ.

ಬೇಕೆಂದು ಮಾಡಿದ್ದಲ್ಲ. ತಾರಸಿಯ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಡ್ರಮ್ಮಿತ್ತು, ಅದರ ತುಂಬ ಆಕಾಶದ ಬಣ್ಣದ ನೀರಿತ್ತು. ಮೈಸೂರಿನಲ್ಲಿ ಅವನ ತಾಯಿ ಬಿಳಿ ಬಟ್ಟೆಯನ್ನು ಕೊನೆಯ ಸಲ ನೀಲಿಯಲ್ಲಿ ಜಾಲಿಸದೆ ಒಣಗಹಾಕಿದವರೇ ಅಲ್ಲ. ಬೆಂಗಳೂರಿನ ಓನರುಗಳ ಬಗ್ಗೆ ಜನ ಹೇಳುವುದೆಲ್ಲ ಸುಳ್ಳು, ಇಲ್ಲಿ ಬಾಡಿಗೆದಾರರ ಬಟ್ಟೆಗೆಂದು ನೀಲಿಯನ್ನು ಕೂಡ ಕಲಸಿಡುತ್ತಾರೆ ಎಂದುಕೊಂಡು ಅವನಿಗೆ ಎದೆ ತುಂಬಿ ಬಂದಿತ್ತು. ಅಂಗಿಗಳನ್ನು ಹಿಂಡಿ, ತಲೆಯ ಮೇಲಿದ್ದ ಕಬ್ಬಿಣದ ಪೈಪಿಗೆ ಹರವಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಗ ಓನರಮ್ಮ ಮೆಟ್ಟಿಲು ಹತ್ತಿ ಬಂದರು. ಬೆನ್ನ ಮೇಲೆ ಔಷಧಿ ಹೊಡೆಯುವ ಸ್ಪ್ರೇಯರ್ ಡಬ್ಬ, ತಲೆಗೆ ಟವೆಲ್ಲು, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಸೀರೆ. ಡ್ರಮ್ಮನ್ನು ನೋಡಿದರು, ಅಂಗಿಗಳನ್ನು ನೋಡಿದರು, ಕೊನೆಗೆ ಅವನನ್ನು ನೋಡಿದರು.

“ಥ್ಯಾಂಕ್ಸ್ ಆಂಟಿ,” ಎಂದ ಲೋಹಿತ್.

“ಬಿಡು, ಇನ್ನು ಈ ಅಂಗಿಗೆ ಬೂಷ್ಟು ಹತ್ತಲ್ಲ,” ಎಂದರು ಅವರು. “ಆಂಟಿ ಗೀಂಟಿ ಅನ್ಬೇಡ. ನನ್ ಹೆಸ್ರು ತಿಮ್ಮಕ್ಕ.”

ಅದು ದ್ರಾಕ್ಷಿಗೆ ಬೂಷ್ಟು ಬಾರದಂತೆ ಹೊಡೆಯುವ ಔಷಧಿ, ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಕಲಸಿದ್ದು. ಅಂಗಿ ಹರವಿದ್ದು ದ್ರಾಕ್ಷಿಯ ಚಪ್ಪರದ ಮೇಲೆ. ಆಗಷ್ಟೇ ಸವರಿ ಬೋಳು ಮಾಡಿದ್ದ ಬಳ್ಳಿಯನ್ನು ಅವನು ಕೇಬಲ್ ಟೀವಿಯವರು ಬಿಟ್ಟುಹೋದ ಹಳೆಯ ವೈರುಗಳೆಂದು ತಿಳಿದಿದ್ದ. ಅಂಗಿಗಳಿಗೆ ಒಂದು ಹಸಿರುನೀಲಿ ಛಾಯೆ ಶಾಶ್ವತವಾಗಿ ನಿಂತಿತು. ಅವನು ಬಿಲ್ಲು ಬರೆಯುವ ಕೆಲಸಕ್ಕಿದ್ದ ತರಗುಪೇಟೆಯ ಬೇಳೆ ಮಂಡಿಯಲ್ಲಿ ಹಮಾಲರು ಅವನಿಗೆ ‘ತುತ್ತ’ ಎಂದು ಹೆಸರಿಟ್ಟರು. ವಾರ ಕಳೆಯುವುದರೊಳಗೆ ಸಾಹುಕಾರರೂ ಹಾಗೇ ಕರೆಯತೊಡಗಿದರು. ಲೋಹಿತ್‌ನ ತಾತ ಹೊಲ ಉತ್ತವನು, ಅಪ್ಪ ಬಸ್ಸಿನಲ್ಲಿ ಟಿಕೆಟ್ಟು ಹರಿದವನು. ಮೂರನೆಯ ತಲೆಮಾರಿಗೆ ಬರುವ ಹೊತ್ತಿಗೆ ಬೇಸಾಯ ಅಂಗಿಗೆ ಮಾತ್ರ ಅಂಟಿತ್ತು.

ತಿಮ್ಮಕ್ಕ ಹುಟ್ಟಿದ್ದು, ಮದುವೆಯಾಗಿ ಹೋದದ್ದು ಎರಡೂ ದೇವನಹಳ್ಳಿಯಾಚೆ, ನಂದಿಬೆಟ್ಟ ಕಣ್ಣಿಗೆ ಕಾಣುವ ಊರುಗಳಲ್ಲಿ. ಗಂಡ ನಾರಾಯಣಪ್ಪನವರದು ದ್ರಾಕ್ಷಿ ತೋಟ. ಕಲ್ಲುಕಂಬ ನಿಲ್ಲಿಸಿ, ತಂತಿ ಎಳೆದು, ಮೇಲೆ ಬೆಂಗಳೂರು ನೀಲಿ ದ್ರಾಕ್ಷಿ ಹಬ್ಬಿಸಿದ ಚಪ್ಪರ; ಅದರ ಕೆಳಗೆ ಮಧ್ಯಾಹ್ನವೂ ತಂಪು, ನೆಟ್ಟಗೆ ನಿಂತರೆ ಗೊಂಚಲು ಹಣೆಗೆ ತಾಗುತ್ತಿತ್ತು. ವರ್ಷಕ್ಕೆರಡು ಸಲ ಬಳ್ಳಿ ಸವರಬೇಕು, ಎರಡು ಸಲ ಹಣ್ಣು ಬಿಡಿಸಬೇಕು. ಹಣ್ಣಿನಲ್ಲಿ ಅರ್ಧ ಬೆಂಗಳೂರಿನ ಮಾರ್ಕೆಟ್ಟಿಗೆ, ಅರ್ಧ ವೈನ್ ಫ್ಯಾಕ್ಟರಿಯ ಲಾರಿಗೆ. ಒಂದು ಆಯುಧಪೂಜೆಗೆ ಫ್ಯಾಕ್ಟರಿಯವರು ಕೊಟ್ಟ ಬಾಟಲಿಯನ್ನು ನಾರಾಯಣಪ್ಪನವರು ಲೋಟಕ್ಕೆ ಬಗ್ಗಿಸಿ ಒಂದು ಗುಟುಕು ಕುಡಿದು, “ಇಷ್ಟೊಳ್ಳೆ ಹಣ್ಣ ಕೆಡಿಸವ್ರಲ್ಲ,” ಎಂದು ಮಿಕ್ಕದ್ದನ್ನು ಬಳ್ಳಿಯ ಬುಡಕ್ಕೇ ಸುರಿದರಂತೆ.

ಆಮೇಲೆ ಊರಿಗೆ ಲೇಔಟು ಬಂತು. ಸುತ್ತಲಿನವರು ಒಬ್ಬೊಬ್ಬರಾಗಿ ಮಾರಿದರು. ನಡುವೆ ಇವರ ಚಪ್ಪರವೊಂದೇ ಉಳಿದು, ಕೊನೆಗೆ ಅದೂ ಹೋಯಿತು. ನಾರಾಯಣಪ್ಪನವರು ತ್ಯಾಗರಾಜನಗರದಲ್ಲಿ ಈ ಮನೆ ಕೊಂಡು, ಅದರ ವರಾಂಡದಲ್ಲಿ ಕೆಲವು ವರ್ಷ ಪೇಪರ್ ಓದಿ ತೀರಿಕೊಂಡರು. ಮಗ ನಾಗಭೂಷಣ್ ತೋಟ ಮಾರುವಾಗ ಕಲಿತ ವಿದ್ಯೆಯಲ್ಲೇ ಮುಂದುವರಿದು, ಸೈಟು ಮನೆ ಮಾರಿಸಿಕೊಡುವ ವ್ಯವಹಾರಕ್ಕೆ ಇಳಿದರು.

ತಿಮ್ಮಕ್ಕನ ಕೈಗೆ ಮಾತ್ರ ಕೆಲಸವಿರಲಿಲ್ಲ. ಒಂದು ದಿನ ಗಾಂಧಿಬಜಾರಿನಲ್ಲಿ ಹಣ್ಣಿನ ಗಾಡಿಯ ಮುಂದೆ ನಿಂತು, ಹುಟ್ಟಿದಾಗಿನಿಂದ ಮೊದಲ ಬಾರಿಗೆ ದ್ರಾಕ್ಷಿಗೆ ರೇಟು ಕೇಳಿದರು. ಗಾಡಿಯವನು ಹೇಳಿದ. ತೂಗಿಸಿಕೊಳ್ಳದೆ ಮನೆಗೆ ಬಂದರು. ಮರುದಿನವೇ ಬಸ್ಸು ಹತ್ತಿ ಹೋಗಿ, ಇನ್ನೂ ತೋಟ ಉಳಿಸಿಕೊಂಡಿದ್ದ ನೆಂಟರ ಮನೆಯಿಂದ ನಾಲ್ಕಾರು ಬಳ್ಳಿಯ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದರು. ತಂದ ಮೇಲೆ ನೋಡುತ್ತಾರೆ, ನೆಡಲು ಮಣ್ಣೇ ಇಲ್ಲ. ಮನೆಯ ಸುತ್ತ ಗೋಡೆಯಿಂದ ಗೋಡೆಗೆ ಸಿಮೆಂಟು.

ಪಕ್ಕದ ಮನೆಯ ಅಂಬುಜಮ್ಮ, ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು, ತುಳಸಿಕಟ್ಟೆಗೆ ನೀರು ಹಾಕುತ್ತಿದ್ದರು. ಗೋಣಿ ಹಿಡಿದು ಸಿಮೆಂಟಿನ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದ ಈ ಹೊಸ ಹೆಂಗಸನ್ನು ನೋಡಿ, ಕಾಂಪೌಂಡ್ ಗೋಡೆಯಾಚೆಯಿಂದಲೇ ಏನು ಹುಡುಕುತ್ತಿದ್ದೀರಿ ಎಂದು ಕೇಳಿದರು. ಅಲ್ಲಿಯವರೆಗೆ ಎರಡೂ ಮನೆಗಳಿಗೆ ಮಾತಿರಲಿಲ್ಲ. ಇವರಿಗೆ ಅವರ ಮಡಿಯ ಭಯ, ಅವರಿಗೆ ಇವರ ಮನೆಯ ಭಾನುವಾರದ ಕೋಳಿ ಸಾರಿನ ಭಯ. ವಿಷಯ ತಿಳಿದ ಅಂಬುಜಮ್ಮ ಗೋಡೆಯ ಬದಿಯಲ್ಲಿದ್ದ ಕನಕಾಂಬರದ ಗಿಡಗಳನ್ನು ತಾವೇ ಕಿತ್ತು, ಇಲ್ಲಿ ನೆಡಿ ಎಂದರು. ಹೀಗಾಗಿ ಆ ಬಳ್ಳಿಯ ಬುಡ ಅಂಬುಜಮ್ಮನ ಅಂಗಳದಲ್ಲಿ, ತಲೆ ತಿಮ್ಮಕ್ಕನ ತಾರಸಿಯಲ್ಲಿ. ಪ್ರತಿ ಬೆಳೆಯ ಮೊದಲ ಗೊಂಚಲು ಇವತ್ತಿಗೂ ಅಂಬುಜಮ್ಮನ ದೇವರಿಗೆ. ಕೋಳಿ ಸಾರಿನ ದಿನ ತಿಮ್ಮಕ್ಕನ ಅಡುಗೆಮನೆಯಲ್ಲಿ ಆ ಕಡೆಯ ಕಿಟಕಿ ತೆರೆಯುವುದಿಲ್ಲ. “ಗುರುತಿಲ್ಲ ಪರಿಚಯ ಇಲ್ಲ, ಮಣ್ ಕೊಟ್ರು ಕಣಪ್ಪ. ದುಡ್ ಬೇಕಾದ್ರೆ ಯಾರಾದ್ರೂ ಕೊಡ್ತಾರೆ,” ಎಂದು ತಿಮ್ಮಕ್ಕ ಲೋಹಿತ್‌ಗೆ ಎಷ್ಟೋ ಸಲ ಹೇಳಿದ್ದರು.

ಆ ಸಾರಿನಲ್ಲಿ ಲೋಹಿತ್‌ಗೂ ಪಾಲಿತ್ತು. ಭಾನುವಾರ ಮಧ್ಯಾಹ್ನ ಕೆಳಗಿನಿಂದ ಒಂದು ತಟ್ಟೆ ಬರುತ್ತಿತ್ತು, ಎರಡು ಮುದ್ದೆಯ ಸಮೇತ. ಅವನು ಅದಕ್ಕೆ ಪ್ರತಿಯಾಗಿ ಡ್ರಮ್ಮಿಗೆ ನೀರು ತುಂಬಿಸಿಕೊಡುತ್ತಿದ್ದ. ಮುಚ್ಚಳ ತೆಗೆಯುವ ಮುಂಚೆ ಕೇಳಿಯೇ ತೆಗೆಯುತ್ತಿದ್ದ.

ಆ ವರ್ಷದ ದೀಪಾವಳಿ ಮುಗಿದ ಮರುದಿನ ತಿಮ್ಮಕ್ಕ ಗಾಂಧಿಬಜಾರಿನಲ್ಲಿ, ಮಾರಾಟವಾಗದೆ ರಸ್ತೆಯಲ್ಲಿ ಬಿಟ್ಟಿದ್ದ ಬಾಳೆಕಂದಿನ ಮೇಲೆ ಕಾಲಿಟ್ಟು ಜಾರಿದರು. ಬಲಗೈ ಮಣಿಕಟ್ಟು ಮುರಿಯಿತು. ನಾಗಭೂಷಣ್ ಪ್ಲಾಸ್ಟರ್ ಹಾಕಿಸಿಕೊಂಡು ಬಂದರು. ಕಾರಿನಿಂದ ಇಳಿದ ತಿಮ್ಮಕ್ಕ ಮೊದಲು ಮಾಡಿದ್ದು ಕತ್ತೆತ್ತಿ ತಾರಸಿಯ ಕಡೆ ನೋಡಿದ್ದು. ಬಳ್ಳಿ ಸವರುವ ಹೊತ್ತು ಅದು. ಈಗ ಸವರಿದರೆ ಯುಗಾದಿಗೆ ಮುಂಚೆ ಹಣ್ಣು. ಕೈ ಕೂಡಲಿ ಎಂದು ಕಾದರೆ ಬೇಸಿಗೆ ಮಳೆಗೆ ಸಿಕ್ಕಿ ಹಣ್ಣು ಬಿರಿಯುತ್ತದೆ.

ನಾಗಭೂಷಣ್‌ಗೆ ಆ ಚಪ್ಪರದ ಜಾಗದಲ್ಲಿ ಇನ್ನೊಂದು ಬಾಡಿಗೆ ರೂಮು ಕಟ್ಟಿಸುವ ಆಸೆ ಹಳೆಯದು. ಕೆಟ್ಟವರಲ್ಲ. ಆದರೆ ಖಾಲಿ ಜಾಗ ಕಂಡರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ, ವೃತ್ತಿಯೇ ಅಂಥದ್ದು. ಅಮ್ಮನಿಗೆ ವಯಸ್ಸಾಯಿತು, ಈ ಸಲ ಫಲ ಬಿಟ್ಟರೆ ಇರಲಿ, ಬಿಡದಿದ್ದರೆ ಯುಗಾದಿ ಕಳೆದ ಮೇಲೆ ಬಳ್ಳಿ ತೆಗೆಸುತ್ತೇನೆ ಎಂದು ಖಡಾಖಂಡಿತವಾಗಿ ಹೇಳಿದರು. ತಿಮ್ಮಕ್ಕ ಭಾನುವಾರ ಬೆಳಗ್ಗೆ ತಾರಸಿ ಹತ್ತಿ, ಎಡಗೈಯಿಂದ ರೂಮಿನ ಬಾಗಿಲು ಬಡಿದು, ಹಲ್ಲುಜ್ಜುತ್ತಿದ್ದ ಲೋಹಿತ್‌ನ ಕೈಗೆ ಕತ್ತರಿ ಕೊಟ್ಟರು.

ಕಡ್ಡಿಯ ಗೆಣ್ಣಿನಲ್ಲಿರುವ ಚಿಗುರುವ ಮೊಗ್ಗಿಗೆ ಕಣ್ಣು ಎನ್ನುತ್ತಾರೆ. ಬುಡದಿಂದ ಮೂರು ಕಣ್ಣು ಬಿಟ್ಟು ಮಿಕ್ಕದ್ದನ್ನು ಕತ್ತರಿಸಬೇಕು. ತಿಮ್ಮಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಪ್ಲಾಸ್ಟರ್ ಕೈಯಿಂದಲೇ ತೋರಿಸುತ್ತ, ಅಂಬುಜಮ್ಮನ ಮನೆಯ ಕಡೆಯಿಂದ ಶುರು ಮಾಡಿಸಿದರು. ಲೋಹಿತ್ ಮೊದಲ ಕಡ್ಡಿಯ ಮುಂದೆ ಸಾಕಷ್ಟು ಹೊತ್ತು ನಿಂತ. ತರಗುಪೇಟೆಯಲ್ಲಿ ತಪ್ಪು ಬಿಲ್ಲನ್ನು ಹರಿದು ಹಾಕಿ ಹೊಸದು ಬರೆಯಬಹುದು.

“ಯಾಕ್ಲಾ ಅಂಗ್ ನಿಂತೆ? ಅದಕ್ ನೋವಾಗಲ್ಲ, ಕತ್ರಿಸು.”

ಕತ್ತರಿಸುತ್ತ ಹೋದ ಹಾಗೆ ತಿಮ್ಮಕ್ಕ ಸಿದ್ದಮ್ಮ ಎಂಬವರ ಕಥೆ ಹೇಳಿದರು. ಸಿದ್ದಮ್ಮ ಅವರ ತೋಟದಲ್ಲಿ ಹಣ್ಣು ಬಿಡಿಸುವ ಹೆಂಗಸರ ಗುಂಪಿಗೆ ಮುಂದಾಳು. ಒಂದು ವರ್ಷ ಯುಗಾದಿಯ ಹಿಂದಿನ ಸಂಜೆ ಆಲಿಕಲ್ಲು ಬಿತ್ತು. ಪೆಟ್ಟು ತಿಂದ ದ್ರಾಕ್ಷಿ ನಿಲ್ಲುವುದಿಲ್ಲ. ಮರುದಿನವೇ ಬಿಡಿಸಿ ಫ್ಯಾಕ್ಟರಿಯ ಲಾರಿಗೆ ತುಂಬಿದರೆ ಉಂಟು, ಇಲ್ಲವಾದರೆ ಇಡೀ ಬೆಳೆ ತಿಪ್ಪೆಗೆ. ಹಬ್ಬದ ದಿನ ಕೂಲಿಗೆ ಬನ್ನಿ ಎಂದು ಕರೆಯಲು ತಿಮ್ಮಕ್ಕನಿಗೆ ಬಾಯಿ ಬರಲಿಲ್ಲ. ಬೆಳಗ್ಗೆ ಬಾಗಿಲು ತೆಗೆದರೆ ಸಿದ್ದಮ್ಮನೂ ಅವರ ಗುಂಪಿನವರೂ ಚಪ್ಪರದ ಕೆಳಗೆ ಆಗಲೇ ಕತ್ತರಿ ಹಿಡಿದು ನಿಂತಿದ್ದರು. ಎಣ್ಣೆ ನೀರಿಲ್ಲ, ಹೊಸ ಸೀರೆಯಿಲ್ಲ. ಅವರ ಮನೆಗಳಲ್ಲಿ ಆ ಯುಗಾದಿಗೆ ಹೋಳಿಗೆ ಬೇಯಲಿಲ್ಲ.

ಆ ಹೋಳಿಗೆಯ ಋಣ ತಮ್ಮ ಮೇಲಿದೆ ಎಂಬುದು ತಿಮ್ಮಕ್ಕನ ಲೆಕ್ಕ. ಅದಕ್ಕೇ ಪ್ರತಿ ವರ್ಷ ಯುಗಾದಿಗೆ ಮುಂಚಿನ ಭಾನುವಾರ ಆ ಹೆಂಗಸರು ತ್ಯಾಗರಾಜನಗರಕ್ಕೆ ಬಂದು ಈ ತಾರಸಿಯ ಹಣ್ಣು ಬಿಡಿಸುತ್ತಾರೆ, ಹೋಳಿಗೆ ಊಟ ಮಾಡುತ್ತಾರೆ, ಎಲೆಅಡಿಕೆಯ ಜೊತೆ ಕೂಲಿ ತೆಗೆದುಕೊಂಡು ಹೋಗುತ್ತಾರೆ.

ಇಷ್ಟು ಬಳ್ಳಿಗೆ ಅಷ್ಟು ಜನ ಯಾಕೆ, ಸುಮ್ಮನೆ ಊಟಕ್ಕೆ ಕರೆದರೆ ಆಗದೇ ಎಂದು ಲೋಹಿತ್ ಕೇಳಿದ.

“ಕರ್ದು ನೋಡ್ದೆ ಕಣಪ್ಪ, ಬಳ್ಳಿ ಹಬ್ಬೋಕ್ ಮುಂಚೆ. ‘ಕೆಲ್ಸ ಐತಾ?’ ಅಂದ್ಲು ಸಿದ್ದಮ್ಮ. ಇಲ್ಲ ಅಂದೆ. ‘ಹಂಗಾರೆ ಯಾಕವ್ವ’ ಅಂದ್ಲು. ಹಣ್ಣಿದ್ರೆ ಬತ್ತಾರೆ, ಹಣ್ಣಿಲ್ದಿದ್ರೆ ಇಲ್ಲ. ಅಷ್ಟೇಯ.”

ಲೋಹಿತ್ ಮುಂದಿನ ಕಡ್ಡಿಯ ಕಣ್ಣುಗಳನ್ನು ಎರಡು ಸಲ ಎಣಿಸಿ ಕತ್ತರಿಸಿದ.

ಅರ್ಧ ಚಪ್ಪರ ಮುಗಿಯುವ ಹೊತ್ತಿಗೆ ನಾಗಭೂಷಣ್ ಕೆಳಗಿನಿಂದ ಕೂಗಿದರು. ಪ್ಲಾಸ್ಟರ್ ಬಿಗಿಯಾಗಿ ಬೆರಳು ಊದಿದ್ದನ್ನು ಡಾಕ್ಟರಿಗೆ ತೋರಿಸಬೇಕಿತ್ತು. ಹೀಗೇ ಮುಂದುವರಿಸು ಎಂದು ಹೇಳಿ ತಿಮ್ಮಕ್ಕ ಹೋದರು. ಒಬ್ಬನೇ ಉಳಿದ ಲೋಹಿತ್ ಹಿಂದಕ್ಕೆ ಸರಿದು ತನ್ನ ಕೆಲಸ ನೋಡಿದ. ಸವರಿದ ಅರ್ಧ, ಪುಕ್ಕ ತರಿದ ಕೋಳಿಯಂತೆ ಕಂಡಿತು. ಮಿಕ್ಕ ಅರ್ಧದಲ್ಲಿ ಇನ್ನೂ ಎಲೆ ಇತ್ತು, ಎಲೆಯ ಮೇಲೆ ಬಿಸಿಲಿತ್ತು, ಒಂದು ಅಳಿಲು ಕೂಡ ಇತ್ತು. ಇಷ್ಟು ಉದ್ದದ ಕಡ್ಡಿಯಲ್ಲಿ ಇಷ್ಟೊಂದು ಕಣ್ಣುಗಳಿರುವಾಗ ಮೂರನ್ನೇ ಬಿಡುವುದು ಯಾವ ನ್ಯಾಯ ಎಂದು ಅವನಿಗೆ ಅನಿಸಿತು. ಹೆಚ್ಚು ಕಣ್ಣು ಬಿಟ್ಟರೆ ಹೆಚ್ಚು ಗೊಂಚಲು, ಹೆಚ್ಚು ಗೊಂಚಲಾದರೆ ಸಿದ್ದಮ್ಮನವರಿಗೆ ಹೆಚ್ಚು ಕೆಲಸ. ಮಂಡಿಯಲ್ಲಿ ಮೂಟೆ ಎಣಿಸುವವನ ತರ್ಕ ಅದು. ತುದಿಗಳನ್ನು ಮಾತ್ರ ಚಿವುಟಿ, ಉದ್ದಕ್ಕೆ ಬಿಟ್ಟ.

ಸಂಜೆ ತಿಮ್ಮಕ್ಕ ಬಂದು ನೋಡಿ, ಆ ಕಡೆ ಇನ್ನೂ ಕತ್ತರಿಸಬೇಕು, ಮುಂದಿನ ಭಾನುವಾರ ಮುಗಿಸು ಎಂದರು. ಅಷ್ಟರಲ್ಲಿ ಮದ್ರಾಸಿನ ಕಡೆಯ ಚಂಡಮಾರುತ ಬೆಂಗಳೂರಿಗೂ ಜಿಟಿಜಿಟಿ ಮಳೆ ಕಳಿಸಿತು. ಒಂದು ಭಾನುವಾರ ಮಳೆಗೆ ಹೋಯಿತು, ಇನ್ನೊಂದು ಮಂಡಿಯ ಸ್ಟಾಕು ಎಣಿಕೆಗೆ. ಮೋಡ ಸರಿದಾಗ ಕಣ್ಣುಗಳೆಲ್ಲ ಒಡೆದಿದ್ದವು. ಚಿಗುರಿದ ಮೇಲೆ ಕತ್ತರಿ ಹಾಕಬಾರದು ಎಂದು ತಿಮ್ಮಕ್ಕ ಹಾಗೇ ಬಿಟ್ಟರು.

ಸಂಕ್ರಾಂತಿ ಕಳೆಯುವಾಗ ಲೋಹಿತ್‌ಗೆ ಸಂಭ್ರಮವೋ ಸಂಭ್ರಮ, ಯಾಕೆಂದರೆ ಅವನು ದಯೆ ತೋರಿಸಿದ ಅರ್ಧವೇ ಹೆಚ್ಚು ಸೊಂಪಾಗಿ ಬೆಳೆದಿತ್ತು. ಎಲೆಯ ಮೇಲೆ ಎಲೆ, ಬಿಸಿಲು ಕೆಳಗಿಳಿಯದಷ್ಟು. ಶಿವರಾತ್ರಿಯ ಹೊತ್ತಿಗೆ ಆ ಸಂಭ್ರಮ ಇಳಿಯಿತು. ಬೋಳಾಗಿದ್ದ ಕಡೆ ಗೊಂಚಲುಗಳು ಒತ್ತೊತ್ತಾಗಿ ಕಪ್ಪುನೀಲಿಗೆ ತಿರುಗುತ್ತಿದ್ದವು. ಅವನ ಕಡೆ ಎಲೆ ಸರಿಸಿ ಹುಡುಕಿದರೆ ಅಲ್ಲೊಂದು ಇಲ್ಲೊಂದು, ಅದೂ ಹಸಿರಾಗಿ, ಬಟಾಣಿಯಂತೆ. ಬಳ್ಳಿಯ ಕಸುವೆಲ್ಲ ಎಲೆಗೇ ಹೋಗಿತ್ತು. ಮಂಡಿಯಲ್ಲಿ ಆ ವಾರ ಅವನು ತೊಗರಿಬೇಳೆಗೆ ಉದ್ದಿನಬೇಳೆಯ ಬಿಲ್ಲು ಬರೆದ. ಸಿದ್ದಮ್ಮ ಬಂದು ಇಷ್ಟೇ ಕೆಲಸವೇ ಎಂದು ಹಿಂತಿರುಗಿಬಿಟ್ಟರೆ ಎಂಬ ಯೋಚನೆ ಒಂದು ಕಡೆ, ಬಳ್ಳಿ ತೆಗೆಸಲು ನಾಗಭೂಷಣ್‌ಗೆ ತಾನೇ ಕಾರಣ ಕೈಗಿಟ್ಟಂತಾಯಿತಲ್ಲ ಎಂಬುದು ಇನ್ನೊಂದು ಕಡೆ.

ಯುಗಾದಿಗೆ ಮುಂಚಿನ ಭಾನುವಾರ ಹೆಂಗಸರು ಬಸ್ಸಿಳಿದು ಬಂದರು, ಸೊಂಟಕ್ಕೆ ಕತ್ತರಿ ಸಿಕ್ಕಿಸಿಕೊಂಡು. ಸಿದ್ದಮ್ಮ ಎಲ್ಲರಿಗಿಂತ ಗಿಡ್ಡ, ಎಲ್ಲರಿಗಿಂತ ವಯಸ್ಸಾದವರು. ಮೊಣಕಾಲಿನ ಮೇಲೆ ಕೈ ಊರಿ ತಾರಸಿಯ ಮೆಟ್ಟಿಲು ಹತ್ತಿದರು. ಹತ್ತಿ, ಉಸಿರು ತಿರುಗಿಸಿಕೊಳ್ಳುವ ಮುಂಚೆಯೇ ಚಪ್ಪರದ ಎರಡು ಅರ್ಧಗಳನ್ನೂ ನೋಡಿಬಿಟ್ಟರು.

“ಇತ್ಲಾಗೆ ಸವರ್ದೋರು ಯಾರವ್ವ? ಬಲೇ ಕರುಳಿರೋ ಮನ್ಸ.”

ಹೆಂಗಸರೆಲ್ಲ ನಕ್ಕರು. ಲೋಹಿತ್ ನೀರಿನ ಟ್ಯಾಂಕಿನ ಮಟ್ಟವನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದ. ಆದರೆ ಯಾರೂ ಹಿಂತಿರುಗಲಿಲ್ಲ. ಇದ್ದಷ್ಟು ಹಣ್ಣನ್ನು ಬಿಡಿಸಲು ನಿಂತರು. ಗೊಂಚಲನ್ನು ತೊಟ್ಟಿನಿಂದಲೇ ಹಿಡಿಯಬೇಕು, ಹಣ್ಣಿನ ಮೇಲಿನ ಬೂದಿಯಂಥ ಮಸುಕು ಅಳಿಸಬಾರದು. ಅವರ ಬೆರಳು ಹಣ್ಣಿಗೆ ತಾಗಿದ್ದು ಲೋಹಿತ್‌ಗೆ ಕಾಣಲೇ ಇಲ್ಲ. ಮೊದಲ ಗೊಂಚಲು ಗೋಡೆಯಾಚೆ ಇಳಿಯಿತು. ಅಂಬುಜಮ್ಮ ಅದನ್ನು ದೇವರ ಮುಂದಿಟ್ಟು, ಮಜ್ಜಿಗೆಯ ಪಾತ್ರೆ ಹಿಡಿದು ತಾವೂ ತಾರಸಿಗೆ ಬಂದರು. ತಿಮ್ಮಕ್ಕ ಕೂಡಿದ ಕೈಯನ್ನು ಸೆರಗಿನಲ್ಲಿ ಬೆಚ್ಚಗೆ ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಊರಿನ ಸುದ್ದಿ, ಸತ್ತವರ ಸುದ್ದಿ, ಯಾರ ಸೊಸೆ ಯಾರ ಮೇಲೆ ಮುನಿಸಿಕೊಂಡಳೆಂಬ ಸುದ್ದಿ ಎಲ್ಲ ಚಪ್ಪರದ ಕೆಳಗೆ ಓಡಾಡಿತು. ಕೆಲಸ ಕಡಿಮೆಯಿದ್ದದ್ದು ಎಲ್ಲರಿಗೂ ತಿಳಿದಿತ್ತು. ಹೋಳಿಗೆಯ ವಾಸನೆ ಮೇಲೆ ಬರುವವರೆಗೆ ಅದನ್ನು ಎಳೆಯಬೇಕೆಂಬುದೂ ತಿಳಿದಿತ್ತು.

ನಡುವೆ ನಾಗಭೂಷಣ್ ಬಂದರು, ಅಳತೆ ಟೇಪು ಹಿಡಿದು, ಗಾರೆ ಮೇಸ್ತ್ರಿಯನ್ನು ಹಿಂದಿಟ್ಟುಕೊಂಡು.

“ಏ ಭೂಸಣ,” ಎಂದರು ಸಿದ್ದಮ್ಮ, ತಿರುಗದೆಯೇ. “ಕೈ ಬೀಸ್ಕೊಂಡ್ ನಿಂತಿದೀಯಲ್ಲ, ಬಂದು ಕ್ರೇಟ್ ಹಿಡಿ. ಹಣ್ಣಿನ್ ಪೆಟ್ಗೇಲೇ ಮಲಗ್ತಿದ್ದೋನು, ಮರ್ತ್ಬಿಟ್ಯಾ?”

ಮೇಸ್ತ್ರಿ ಮೀಸೆಯಲ್ಲೇ ನಕ್ಕ. ನಾಗಭೂಷಣ್ ಟೇಪನ್ನು ಲೋಹಿತ್‌ಗೆ ಕೊಟ್ಟು ಹೋಗಿ ಕ್ರೇಟು ಹಿಡಿದರು. ಸಿದ್ದಮ್ಮ ಒಂದೊಂದೇ ಗೊಂಚಲು ಇಳಿಸುತ್ತ, ಅವರ ಹೊಟ್ಟೆಯ ಬಗ್ಗೆ, ಬೋಳಾಗುತ್ತಿದ್ದ ತಲೆಯ ಬಗ್ಗೆ ವಿಚಾರಿಸುತ್ತ, ಕ್ರೇಟು ತುಂಬುವವರೆಗೆ ಬಿಡಲಿಲ್ಲ. ಬಿಟ್ಟಾಗ ಅವರ ಇಸ್ತ್ರಿ ಅಂಗಿಯ ಮೇಲೆ ದ್ರಾಕ್ಷಿಯ ಕಲೆ ಬಿದ್ದಿತ್ತು. ತಾರಸಿಯಲ್ಲಿ ಅಂಗಿ ಕೆಡಿಸಿಕೊಂಡವನು ತಾನೊಬ್ಬನೇ ಅಲ್ಲವೆಂದು ಲೋಹಿತ್‌ಗೆ ಕೊಂಚ ಸಮಾಧಾನವಾಯಿತು.

ಊಟವಾದ ಮೇಲೆ ನಾಗಭೂಷಣ್ ಮತ್ತೆ ಟೇಪು ಎಳೆದರು. ಆಡಿದ ಮಾತಿನಂತೆ ನಡೆಯೋಣವೆಂದರೆ ಫಲ ಅರ್ಧವೇ ಬಂದಿದೆ, ಏನು ಮಾಡೋಣ ಹೇಳಿ ಎಂದು ತಾಯಿಯನ್ನು ಕೇಳಿದರು. ಹೆಂಗಸರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಹಾಗೇ ಕೈ ನಿಲ್ಲಿಸಿದರು. ಉತ್ತರ ಬಂದದ್ದು ಅಂಬುಜಮ್ಮನಿಂದ, ಕ್ಲಾಸ್ ರೂಮಿನ ದನಿಯಲ್ಲಿ.

“ಬುಡ ನಮ್ಮ ಅಂಗಳದಲ್ಲಿದೆಯಲ್ಲಪ್ಪಾ ಭೂಷಣ. ತಲೆ ತೆಗೀಬೇಕಾದ್ರೆ ಬುಡದವರನ್ನ ಒಂದು ಮಾತು ಕೇಳ್ಬೇಕಲ್ವೇ? ನಿಮ್ಮ ವ್ಯವಹಾರದಲ್ಲಿ ಅದಕ್ಕೇನೋ ಎನ್‌ಓಸಿ ಅಂತೀರಲ್ಲ.”

ನಾಗಭೂಷಣ್ ತಲೆ ಕೆರೆದುಕೊಂಡರು. ಇಡೀ ಬೆಂಗಳೂರಿಗೆ ಎನ್‌ಓಸಿ ತರಿಸಿಕೊಡುವ ಮನುಷ್ಯ. ಕೊನೆಗೆ ನಕ್ಕು, ಹಣ್ಣು ಬಿಟ್ಟ ಕಡೆ ಇರಲಿ, ಎಲೆ ಬಿಟ್ಟ ಕಡೆ ರೂಮು ಎಂದು ತೀರ್ಪು ಕೊಟ್ಟರು. ತಿಮ್ಮಕ್ಕ ಹೂಂಗುಟ್ಟಿದರು. ಇಳಿಯುವಾಗ ಸಿದ್ದಮ್ಮ ಮೆಟ್ಟಿಲ ಮೇಲೆ ನಿಂತು ತಿರುಗಿ, “ಮುಂದಿನ್ ವರ್ಸ ಕೆಲ್ಸ ಐತಾ?” ಎಂದು ಕೇಳಿದರು.

“ಐತೆ,” ಎಂದರು ತಿಮ್ಮಕ್ಕ. “ಅರ್ಧ ಐತೆ, ಬಾ.”

ಆಮೇಲೆ ಅವರು ಅಂಬುಜಮ್ಮನ ಪಾತ್ರೆಯನ್ನು ತಾವೇ ತೊಳೆದು, ಅದರ ತುಂಬ ದ್ರಾಕ್ಷಿ ಹಾಕಿ, ಗೋಡೆಯ ಮೇಲಿಂದ ಕೊಟ್ಟರು. ಖಾಲಿ ಪಾತ್ರೆ ಕೊಡಬಾರದು ಎಂದರು. ಅಂಬುಜಮ್ಮ ಇಸಿದುಕೊಳ್ಳುವಾಗ ಇಬ್ಬರ ಕೈಗಳೂ ಒಂದು ಗಳಿಗೆ ಆ ಪಾತ್ರೆಯ ಮೇಲೇ ಇದ್ದವು.

ಮುಂಗಾರು ಕೂರುವ ಹೊತ್ತಿಗೆ ರೂಮಿನ ಗೋಡೆ ಎದೆಮಟ್ಟ ಎದ್ದಿತ್ತು. ಅಲ್ಲಿದ್ದ ಪೈಪುಗಳು ಗುಜರಿಗೆ ಹೋಗಿದ್ದವು. ಉಳಿದರ್ಧ ಚಪ್ಪರ, ಅಂಬುಜಮ್ಮನ ಮನೆಯ ಕಡೆಗೆ ವಾಲಿದಂತೆ, ಮತ್ತೆ ಸವರುವ ದಿನಕ್ಕೆ ಕಾದಿತ್ತು. ತಿಮ್ಮಕ್ಕನ ಕೈ ಈಗ ಗಟ್ಟಿಯಾಗಿತ್ತು, ಆದರೂ ಅವರು ಭಾನುವಾರ ಬೆಳಗ್ಗೆ ಬಂದು ಲೋಹಿತ್‌ನ ಬಾಗಿಲು ಬಡಿದರು. ಅವನು ಹಸಿರುನೀಲಿ ಅಂಗಿ ಹಾಕಿಕೊಂಡೇ ಹೊರಗೆ ಬಂದ. ಈ ಕೆಲಸಕ್ಕೆ ಅದಕ್ಕಿಂತ ಯೋಗ್ಯವಾದ ಬಟ್ಟೆ ಅವನಲ್ಲಿರಲಿಲ್ಲ. ಹಸಿ ಸಿಮೆಂಟಿನ ಗೋಡೆಯನ್ನು ನೋಡಿದ. ತಿಂಗಳುಗಳಿಂದ ಕೇಳದೆ ಇಟ್ಟುಕೊಂಡಿದ್ದ ಪ್ರಶ್ನೆಗೆ, ಅಯ್ಯೋ ಬಿಡಪ್ಪ, ನಿಂದೇನಿದೆ ಅದರಲ್ಲಿ ಎಂಬ ಉತ್ತರವನ್ನು ಅವನು ಆಗಲೇ ಮನಸ್ಸಿನಲ್ಲಿ ಕೇಳಿಸಿಕೊಂಡೂ ಆಗಿತ್ತು.

“ತಿಮ್ಮಕ್ಕ, ಆ ಅರ್ಧ ಹೋಗಿದ್ದು ನನ್ನಿಂದ್ಲೇ ಅಲ್ವಾ?”

“ಹೂಂ ಕಣಪ್ಪ, ನಿನ್ನಿಂದ್ಲೇಯ,” ಎಂದರು ತಿಮ್ಮಕ್ಕ. “ಕತ್ರಿ ಹಿಡಿ. ಮೂರೇ ಕಣ್ಣು.”